ಒಂದು ಹಾಡಿಗಾಗಿ ಇಡೀ ಆಲ್ಬಮ್ ಏಕೆ?

ನನ್ನ ಮನೆಯ ಕಪಾಟಿನಲ್ಲಿರುವ ಕ್ಯಾಸೆಟ್ ಮತ್ತು ಸಿ.ಡಿ.ಗಳನ್ನು ಕಂಡ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಒಂದ ಹಾಡಿನ ಸಲುವಾಗಿ ಇಡೀ ಸಿ.ಡಿ.ಗೆ ರೊಕ್ಕ ಯಾಕ ಕೊಡ್ತೀರಿ ಸರ್? ಮೊಬೈಲ್‌ನಾಗ ಎಲ್ಲಾ ಸಿಗ್ತದಲ್ಲ?” ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಚಲನಚಿತ್ರ ಗೀತೆಗಳ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇನೆ. ಒಂದು ಬದಿಗೆ ಒಂದು ಚಿತ್ರ, ಇನ್ನೊಂದು ಬದಿಗೆ ಮತ್ತೊಂದು ಚಿತ್ರದ ಹಾಡುಗಳಿರುತ್ತಿದ್ದ ಕ್ಯಾಸೆಟ್‌ನಲ್ಲಿ ನಮಗೆ ಬೇಕಾದದ್ದು ಒಂದೇ ಹಾಡಾದರೂ ಉಳಿದವುಗಳ ಬೆಲೆಯನ್ನೂ ತೆರಬೇಕಾಗುತ್ತಿತ್ತು. ಆ ಕಾರಣಕ್ಕಾಗಿಯೇ 1990ರ ದಶಕದಲ್ಲಿ ನಾವು ಕಾಲೇಜು ಹುಡುಗರು ಹಾಡುಗಳ ಪಟ್ಟಿಯನ್ನು ಹಾಳೆಯ ಮೇಲೆ ಬರೆದುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಗೆ ಹೋಗಿ, ಖಾಲಿ ಕ್ಯಾಸೆಟ್‌ಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದೆವು. 60 ನಿಮಿಷದ ಕ್ಯಾಸೆಟ್ ಆದರೆ ಬದಿಗೆ ಆರೇಳು ಹಾಡು. ಬರೆದವರಿಗಾಗಲಿ ಹಾಡಿದವರಿಗಾಗಲಿ ಅದರಿಂದ ಒಂದು ಪೈಸೆಯೂ ಸೇರುತ್ತಿರಲಿಲ್ಲ; ಅದು ತಪ್ಪೆಂಬ ಅರಿವೂ ನಮಗಾಗ ಇರಲಿಲ್ಲ. 2003ರಲ್ಲಿ ಆಪಲ್ ಕಂಪನಿಯು ಅಂತರ್ಜಾಲದಲ್ಲಿ ಐಟ್ಯೂನ್ಸ್ ಎಂಬ ಹಾಡಿನ ಮಳಿಗೆಯನ್ನು ತೆರೆದು ಅಮೆರಿಕದಲ್ಲಿ ಬಿಡಿ ಹಾಡನ್ನು 99 ಸೆಂಟಿಗೆ ಮಾರತೊಡಗಿದಾಗ, ಎಲ್ಲೆಡೆಯ ಜನ ಬಹುಕಾಲದಿಂದ ಬಯಸುತ್ತಿದ್ದುದನ್ನು ಹಾಡಿದವರ ಪಾಲು ತಪ್ಪದಂತೆ ಕೊಟ್ಟಂತಾಯಿತು.

ನಾನು ಇಂದಿಗೂ ಇಡೀ ಆಲ್ಬಮ್ ಕೊಳ್ಳುವುದು ನಮ್ಮ ಭಾಗದ ತತ್ವಪದಗಳಿಗಾಗಿ, ಅಂದರೆ ಭಜನೆಯಲ್ಲಿ ಹಾಡುವ ಅನುಭಾವದ ಪದಗಳಿಗಾಗಿ. ಶರಣಬಸವೇಶ್ವರ ಜಾತ್ರೆಯಲ್ಲಿ ಒಮ್ಮೆ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದವೊಂದು ಅಂಗಡಿಯ ಧ್ವನಿವರ್ಧಕದಲ್ಲಿ ಕೇಳಿಬಂದಾಗ ಅಲ್ಲಿಯೇ ನಿಂತು, ಆ ಒಂದು ಪದಕ್ಕಾಗಿ ಕ್ಯಾಸೆಟ್ ಕೊಂಡೆ. ಅದು ಎರಡನೆಯ ಬದಿಯ ಕೊನೆಯಲ್ಲಿತ್ತು. ಪದೇ ಪದೇ ಮುಂದಕ್ಕೆ ಓಡಿಸಿದರೆ ಟೇಪು ಸಿಕ್ಕಿಕೊಂಡೀತೆಂಬ ಅಂಜಿಕೆಯಿಂದ ಆ ಬದಿಯನ್ನು ಮೊದಲಿನಿಂದಲೇ ಕೇಳುತ್ತಿದ್ದೆ. ಹಾಗೆ ಕೇಳುತ್ತ ಮಡಿವಾಳಪ್ಪನವರ ಶಿಷ್ಯರಾದ ಚೆನ್ನೂರ ಜಲಾಲ ಸಾಹೇಬರ ಪದ ನನ್ನ ಕಿವಿಗೆ ಬಿತ್ತು. ಅದುವರೆಗೆ ಅವರ ಹೆಸರನ್ನೂ ನಾನು ಕೇಳಿರಲಿಲ್ಲ. ಗುರುವಿನ ಪದದ ಜೊತೆಗೆ ಶಿಷ್ಯರ ಪದವನ್ನೂ ಹಾಡುವುದು, ಗುರುಸ್ತುತಿಯಿಂದ ಆರಂಭಿಸಿ ಮಂಗಳದಿಂದ ಮುಗಿಸುವುದು ಭಜನೆಯ ರೂಢಿ, ಮತ್ತು ಆ ಕ್ಯಾಸೆಟ್ ಆ ರೂಢಿಯನ್ನೇ ಅನುಸರಿಸಿತ್ತು. ನಾನು ಬಯಸಿ ಕೊಂಡ ಪದಕ್ಕಿಂತ ಬಯಸದೆ ಬಂದ ಈ ಪದವೇ ಈಗ ನನಗೆ ಹೆಚ್ಚು ಪ್ರಿಯವಾಗಿದೆ.

ಮೊಬೈಲಿನಲ್ಲಿ ಇಂಥ ಪದಗಳು ಸಿಗುವುದಿಲ್ಲವೆಂದಲ್ಲ. ನಾನೂ ಅಲ್ಲಿ ಕೇಳುತ್ತೇನೆ. ಆದರೆ ನಾವು ಕಟ್ಟುವ ಚಂದಾ ನಾವು ಕೇಳಿದ ಗಾಯಕರಿಗೇ ಹೋಗುತ್ತದೆಯೆಂದು ನನ್ನ ವಿದ್ಯಾರ್ಥಿಗಳು ತಿಳಿದಿರುತ್ತಾರೆ, ಮತ್ತು ದೊಡ್ಡ ಸ್ಟ್ರೀಮಿಂಗ್ ಸೇವೆಗಳಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಎಲ್ಲರ ಹಣವೂ ಒಂದೇ ರಾಶಿಗೆ ಬಿದ್ದು, ಒಟ್ಟು ಕೇಳಿದ್ದರಲ್ಲಿ ಯಾರ ಪಾಲು ಎಷ್ಟೋ ಆ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಆಳಂದದ ರೈತರೊಬ್ಬರು ತಿಂಗಳಿಡೀ ತತ್ವಪದವನ್ನಷ್ಟೇ ಕೇಳಿದರೂ ಅವರ ರೊಕ್ಕದ ಬಹುಪಾಲು ಅವರು ಎಂದೂ ಕೇಳದ ಗಾಯಕರಿಗೆ ಸಲ್ಲುತ್ತದೆ. ಸ್ಪಾಟಿಫೈನಲ್ಲಿ ಕನಿಷ್ಠ 30 ಸೆಕೆಂಡು ಕೇಳಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಏಕತಾರಿಯ ಶ್ರುತಿ ಕೂಡಿಸಿಕೊಂಡು ನಿಧಾನವಾಗಿ ಏಳುವ ಪದ ಎಷ್ಟೋ ಸಲ ಅಷ್ಟರೊಳಗೆ ಪಲ್ಲವಿಯನ್ನೇ ಮುಟ್ಟಿರುವುದಿಲ್ಲ. ಅದಲ್ಲದೆ, ಹಿಂದಿನ 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳಿರದ ಹಾಡಿಗೆ 2024ರಿಂದ ಅಲ್ಲಿ ಹಣವನ್ನೇ ಕೊಡುವುದಿಲ್ಲ. ಹಳ್ಳಿಯ ಭಜನಾ ಮಂಡಳಿಯೊಂದರ ಹತ್ತು ಪದಗಳನ್ನು ಜನ ವರ್ಷದಲ್ಲಿ ತಲಾ 900 ಬಾರಿ ಕೇಳಿದರೆ, ಅಂದರೆ ಒಟ್ಟು 9,000 ಬಾರಿ ಕೇಳಿದರೂ, ಮಂಡಳಿಗೆ ಬರುವುದು ಏನೂ ಇಲ್ಲ. ಅದೇ ಮಂಡಳಿ ಜಾತ್ರೆಯಲ್ಲಿ 50 ಸಿ.ಡಿ. ಮಾರಿದರೆ ಹಣ ಅಂದು ಸಂಜೆಯೇ ಕೈಸೇರುತ್ತದೆ.

ನನ್ನನ್ನು ಹೆಚ್ಚು ನೋಯಿಸುವುದು ಹೆಸರುಗಳು ಅಳಿಯುವುದು. ಕ್ಯಾಸೆಟ್ ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ ಪದಕಾರರ ಹೆಸರು, ಹಾಡಿದವರ ಹೆಸರು, ಹಾರ್ಮೋನಿಯಂ, ತಬಲಾ ನುಡಿಸಿದವರ ಹೆಸರು, ಅವರ ಊರು ಕೂಡ ಇರುತ್ತಿದ್ದವು. ಮೊಬೈಲಿನಲ್ಲಿ ಎಷ್ಟೋ ಬಾರಿ ಗಾಯಕರ ಜಾಗದಲ್ಲಿಯೂ ಕಂಪನಿಯ ಹೆಸರೇ ಇರುತ್ತದೆ.

ಸಿ.ಡಿ. ಹಾಕುವ ಯಂತ್ರವೇ ಮನೆಯಲ್ಲಿ ಇಲ್ಲದವರು ಏನು ಮಾಡಬೇಕೆಂದು ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನಮ್ಮ ಊರಿನ ಬೇಸಿಗೆಗೆ ನನ್ನ ಕೆಲವು ಕ್ಯಾಸೆಟ್‌ಗಳೂ ಸುರುಟಿಹೋಗಿರುವುದರಿಂದ, ಯಂತ್ರವನ್ನೇ ಕೊಳ್ಳಬೇಕೆಂದು ನಾನು ಯಾರಿಗೂ ಹೇಳಲಾರೆ. ಮೊದಲು ಮೊಬೈಲಿನಲ್ಲಿಯೇ ಕೇಳಮ್ಮ, ಒಂದು ಪದ ಮನಸ್ಸನ್ನು ಹಿಡಿದು ನಿಲ್ಲಿಸಿದರೆ ಆ ಮಂಡಳಿಯವರನ್ನು ವಿಚಾರಿಸಿ, ಅವರು ಹಾಡಿದ್ದೆಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು ಅದರ ಬೆಲೆಯನ್ನು ಅವರ ಕೈಗೇ ಕೊಡು ಎಂದೆ. ಕಳೆದ ಜಾತ್ರೆಯಲ್ಲಿ ನಾನು ಮಾಡಿದ್ದೂ ಅದನ್ನೇ. ಹನ್ನೊಂದು ಪದಗಳಲ್ಲಿ ನನಗೆ ಮೊದಲೇ ಗೊತ್ತಿದ್ದದ್ದು ಒಂದು. ಉಳಿದ ಹತ್ತರಲ್ಲಿ ಈವರೆಗೆ ನಾಲ್ಕನ್ನು ಕೇಳಿದ್ದೇನೆ.