ಲಗ್ನಪತ್ರಿಕೆ ಕಾರ್ಡು, ಬೂಟಿನ ಡಬ್ಬಿ ಮತ್ತು ನನ್ನ ಹತ್ತನೇ ಕ್ಲಾಸು

ಅಕ್ಟೋಬರ್, ದಸರಾ ರಜೆ ಮುಗಿದ ವಾರ

ಓದಿದ್ದನ್ನು ನೆನಪಿಟ್ಟುಕೊಳ್ಳಲು ಪ್ರಶ್ನೆಯ ಕಾರ್ಡು ಹಾಕಿಡುವ ಡಬ್ಬಿ ಇವತ್ತು ತಯಾರಾಯಿತು. ಅಪ್ಪನ ಬೂಟು ಬಂದಿದ್ದ ರಟ್ಟಿನ ಡಬ್ಬಿ. ಒಳಗೆ ನಾಲ್ಕು ಅಡ್ಡಗೋಡೆ ನಿಲ್ಲಿಸಿ ಅಂಟಿಸಿದೆ, ಐದು ಮನೆ ಆದವು. ಚೌಕಾಬಾರದ ಮನೆ ಇದ್ದ ಹಾಗೆ ಒಂದೊಂದಕ್ಕೂ ನಂಬರ್ ಬರೆದೆ.

ಇದನ್ನು ಯಾಕೆ ಶುರು ಮಾಡಿದೆ ಅಂತ ಬರೆದಿಡುತ್ತೇನೆ. ರಜೆಯ ಕೊನೆಯ ದಿನ ಇನ್ನೂ ಓದಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಲು ಕುಳಿತೆ. ಆರು ವಿಷಯ, 625 ಅಂಕ. ಕನ್ನಡಕ್ಕೆ 125, ಉಳಿದ ಐದಕ್ಕೆ ನೂರು ನೂರು. ಹಾಳೆ ಸಾಲಲಿಲ್ಲ, ಹಿಂದೆ ತಿರುಗಿಸಿ ಬರೆದೆ. ಬರೆಯುವಾಗ ಎದೆ ಡವಡವ ಅನ್ನುತ್ತಿತ್ತು. ಬರೆದು ಮುಗಿಸಿದಾಗ ಸ್ವಲ್ಪ ಇಳಿಯಿತು. ತಲೆಯಲ್ಲಿ ಇದ್ದಾಗ ಅದಕ್ಕೆ ತುದಿಯೇ ಕಾಣುತ್ತಿರಲಿಲ್ಲ. ಹಾಳೆಯ ಮೇಲೆ ಕೊನೆಯ ಸಾಲು ಅಂತ ಒಂದು ಇತ್ತು.

ನನ್ನ ದಿನ ಹೀಗಿದೆ. ಒಂಬತ್ತಕ್ಕೆ ವಿಶೇಷ ತರಗತಿ, ಹತ್ತರಿಂದ ಶಾಲೆ, ಸಂಜೆ ಮತ್ತೆ ವಿಶೇಷ ತರಗತಿ, ಆರರಿಂದ ಎಂಟು ಟ್ಯೂಷನ್. ಮನೆಗೆ ಬಂದು ಉಂಡು ಪುಸ್ತಕ ತೆಗೆಯುವಾಗ ಒಂಬತ್ತು. ಓದಿದ್ದೆಲ್ಲ ಮರುದಿನ ಮರೆತಿರುತ್ತದೆ. ದಿನಾ ಅದನ್ನೇ ಓದಿ ದಿನಾ ಮರೆಯುವುದು ತುಂಬಾ ಬೇಜಾರು ತರುತ್ತದೆ.

ಧಾರವಾಡದಲ್ಲಿ ಓದುವ ದೊಡ್ಡಪ್ಪನ ಮಗ ಅಣ್ಣ ರಜೆಗೆ ಕೊಪ್ಪಳಕ್ಕೆ ಬಂದಿದ್ದ. ಈ ಡಬ್ಬಿಯ ವಿಚಾರ ಹೇಳಿದ್ದು ಅವನೇ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಜರ್ಮನ್ ಭಾಷೆಯಲ್ಲಿ ಬರೆದು ತಿಳಿಸಿದ ವಿಧಾನವಂತೆ. ಕಾರ್ಡಿನ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಹೊಸ ಕಾರ್ಡು ಒಂದನೇ ಮನೆಗೆ. ಉತ್ತರ ಸರಿ ಬಂದರೆ ಮುಂದಿನ ಮನೆಗೆ ಹೋಗುತ್ತದೆ. ತಪ್ಪಿದರೆ ಯಾವ ಮನೆಯಲ್ಲಿದ್ದರೂ ಒಂದನೇ ಮನೆಗೆ ವಾಪಸ್. ಒಂದನೇ ಮನೆಯನ್ನು ದಿನಾ ನೋಡಬೇಕು. ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೆ, ಆಮೇಲೆ ಎಂಟು, ಹದಿನಾರು ದಿನ ಅಂತ ನಾನೇ ಲೆಕ್ಕ ಇಟ್ಟುಕೊಂಡೆ.

ಕಾರ್ಡಿಗೆ ದುಡ್ಡು ಖರ್ಚಾಗಲಿಲ್ಲ. ಅಪ್ಪ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ ಮಾಡುತ್ತಾನೆ. ಬಣ್ಣ ಮಸುಕಾಗಿದ್ದು, ಮುಹೂರ್ತದ ಹೊತ್ತು ತಪ್ಪಾಗಿ ಅಚ್ಚಾಗಿದ್ದು, ಹೀಗೆ ಹಾಳಾದ ಲಗ್ನಪತ್ರಿಕೆಗಳನ್ನು ಕಟಿಂಗ್ ಮಷಿನ್‌ನಲ್ಲಿ ನಾಲ್ಕು ತುಂಡು ಮಾಡಿಸಿ ತಂದ. ಒಂದು ಕಡೆ ಪೂರ್ತಿ ಖಾಲಿ. ಇನ್ನೊಂದು ಕಡೆ ಗಣಪತಿಯ ಕಿವಿಯೋ, "ತಮ್ಮ ಆಗಮನಾಭಿಲಾಷಿಗಳು" ಎಂಬುದರ ಅರ್ಧವೋ ಇರುತ್ತದೆ, ಅದರ ಸಂದಿಯಲ್ಲಿ ಉತ್ತರ ಬರೆಯುತ್ತೇನೆ. ನುಣುಪು ಕಾಗದದ ಮೇಲೆ ಜೆಲ್ ಪೆನ್ನು ಒಣಗುವುದಿಲ್ಲ, ಬೆರಳಿಗೆಲ್ಲ ಮೆತ್ತಿಕೊಂಡಿತು. ಬಾಲ್ ಪೆನ್ನು ಒತ್ತಿ ಬರೆದರೆ ನಿಲ್ಲುತ್ತದೆ.

ನವೆಂಬರ್ ಮೊದಲ ವಾರ

ದಿನಕ್ಕೆ ಮೂವತ್ತು ಹೊಸ ಕಾರ್ಡು. ವಿಷಯಕ್ಕೆ ಐದೈದು. ಡಬ್ಬಿ ತುಂಬುವುದನ್ನು ನೋಡಿದರೆ ಖುಷಿ ಆಗುತ್ತದೆ.

ಗಣಿತಕ್ಕೆ ಇದು ಅರ್ಧಕ್ಕೆ ಮಾತ್ರ ಉಪಯೋಗ. ಸೈನ್ 30 ಡಿಗ್ರಿ ಎಷ್ಟು, ಥೇಲ್ಸ್ ಪ್ರಮೇಯದ ಹೇಳಿಕೆ ಏನು, ಸಮಾಂತರ ಶ್ರೇಢಿಯ ಮೊತ್ತದ ಸೂತ್ರ ಏನು ಎಂಬುದಕ್ಕೆ ಕಾರ್ಡು ಸಾಕು. ಲೆಕ್ಕ ಬಿಡಿಸಲು ಪೆನ್ಸಿಲ್, ಕಾಗದ, ಸಮಯ ಬೇಕೇ ಬೇಕು. ಗಣಿತದ ಕಾರ್ಡು ಕಡಿಮೆ ಮಾಡಿದೆ.

ನವೆಂಬರ್ ಮೂರನೇ ವಾರ

ಸುಮಾರು ಹತ್ತು ದಿನದಿಂದ ಇದನ್ನು ಬರೆದಿರಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಡಬ್ಬಿಯಲ್ಲಿ 360ಕ್ಕೂ ಜಾಸ್ತಿ ಕಾರ್ಡು ಆಗಿದ್ದವು. ಒಂದನೇ ಮನೆಯಲ್ಲೇ 140. ಹೊಸದು ಬರೆಯಲು ಒಂದೂವರೆ ಗಂಟೆ, ಹಳೆಯದು ಕೇಳಿಕೊಳ್ಳಲು ಮುಕ್ಕಾಲು ಗಂಟೆ, ಇದೆಲ್ಲ ರಾತ್ರಿ ಒಂಬತ್ತರ ಮೇಲೆ. ಹೋಂವರ್ಕ್ ಬೇರೆ. ಒಂದು ಗಂಟೆಗೆ ಮಲಗಿ ಐದೂವರೆಗೆ ಏಳುತ್ತಿದ್ದೆ. ಬೆಳಿಗ್ಗೆ ಹೊಟ್ಟೆ ಹಿಂಡಿದಂತಾಗಿ ಏನೂ ಸೇರುತ್ತಿರಲಿಲ್ಲ.

ಸೋಮವಾರ ವಿಜ್ಞಾನದ ಕಿರು ಪರೀಕ್ಷೆ ಇತ್ತು. ಪ್ರಶ್ನೆ ಗೊತ್ತಿತ್ತು. ಓಮ್‌ನ ನಿಯಮ. ಆ ಕಾರ್ಡಿನ ಹಿಂದೆ ಅರ್ಧ ಗಣಪತಿ ಇದ್ದದ್ದೂ ನೆನಪಿತ್ತು. ನಿಯಮ ಮಾತ್ರ ಬರಲಿಲ್ಲ. ಕೈ ತಣ್ಣಗಾಯಿತು, ಅಕ್ಷರ ಮಂಜಾದವು. ಖಾಲಿ ಹಾಳೆ ಕೊಟ್ಟು ಬಂದು ಬಚ್ಚಲಲ್ಲಿ ನಿಂತು ಅತ್ತೆ.

ಅವ್ವ ಏನೂ ಬೈಯಲಿಲ್ಲ. "ಯಾಕವ್ವಾ, ಮಾರಿ ಹಿಂಗ್ಯಾಕ ಆಗೇತಿ? ಎಂಟು ದಿನ ಆತು ನೀ ಮುಂಜಾನೆ ರೊಟ್ಟಿ ಮುಟ್ಟಿಲ್ಲ" ಅಂದಳು. ಅವಳು ಲೆಕ್ಕ ಇಟ್ಟಿದ್ದಳು. ಅದನ್ನು ಕೇಳಿಯೇ ನನಗೆ ಇನ್ನಷ್ಟು ಅಳು ಬಂತು. ಎಲ್ಲಾ ಹೇಳಿದೆ.

ಮರುದಿನ ವಿಜ್ಞಾನದ ಮೇಡಂ ಕರೆದರು. ಡಬ್ಬಿ ತರಲು ಹೇಳಿದರು. ಸ್ಟಾಫ್ ರೂಮಿನ ಮೇಜಿನ ಮೇಲೆ ಕಾರ್ಡುಗಳನ್ನೆಲ್ಲ ಹರಡಿ ಒಂದೊಂದಾಗಿ ನೋಡಿದರು. ಒಂದು ಕಾರ್ಡು ತೆಗೆದು ಜೋರಾಗಿ ಓದಿದರು: "ರಾಸಾಯನಿಕ ಕ್ರಿಯೆಯ ವಿಧಗಳು ಯಾವುವು, ಉದಾಹರಣೆ ಸಹಿತ ವಿವರಿಸಿ." ಅದರ ಹಿಂದೆ ಇರುವೆ ಸಾಲಿನಂತೆ ಒಂದು ಪುಟದ ಉತ್ತರ ತುಂಬಿದ್ದೆ. "ಇದು ಕಾರ್ಡಲ್ಲಮ್ಮ, ಪಾಠ. ಇದರಲ್ಲಿ ಒಂದು ಮಾತು ತಪ್ಪಿದರೂ ಪೂರ್ತಿ ತಪ್ಪು ಅಂತ ವಾಪಸ್ ಹಾಕ್ತೀಯ, ಹೌದಲ್ಲ?" ಅಂದರು. ಹೌದು. ಹಾಗೇ ಮಾಡುತ್ತಿದ್ದೆ. ಒಂದನೇ ಮನೆ ಅದಕ್ಕೇ ಕಟ್ಟಿಕೊಂಡಿತ್ತು.

ಇಂಥ ಕಾರ್ಡು ತೊಂಬತ್ತು ಸಿಕ್ಕವು. ಅವನ್ನೆಲ್ಲ ತೆಗೆದು ರಬ್ಬರ್ ಬ್ಯಾಂಡ್ ಹಾಕಿ ತಮ್ಮ ಡ್ರಾದಲ್ಲಿ ಇಟ್ಟುಕೊಂಡರು. "ಇವು ಇನ್ನು ನನ್ನ ಹತ್ರ ಇರ್ತಾವ" ಅಂದರು. ನನ್ನ ತಲೆಯಿಂದ ಯಾರೋ ಬುಟ್ಟಿ ಇಳಿಸಿಕೊಂಡ ಹಾಗಾಯಿತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ, ಒಂದೇ ದಿನದಲ್ಲಿ ಎಲ್ಲಾ ಮುಗಿದುಹೋಗುವುದಿಲ್ಲ ಎಂದೂ ಹೇಳಿದರು. ಇದು ನನಗೆ ಗೊತ್ತಿದ್ದ ವಿಷಯವೇ. ಆದರೆ ಅವರು ಎದುರು ಕೂತು ಹೇಳಿದಾಗ ಬೇರೆ ಥರ ಕೇಳಿಸಿತು.

ಇನ್ನೊಂದು ಚೀಟಿ ಕೊಟ್ಟರು. 14416. ಸರ್ಕಾರದ ಟೆಲಿ ಮಾನಸ್, ಮನಸ್ಸಿಗೆ ಕಷ್ಟವಾದಾಗ ಫೋನ್ ಮಾಡಿ ಮಾತಾಡುವ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಸಂಜೆ ಅವ್ವನ ಫೋನಿನಿಂದ ಮಾಡಿದೆ. ಆ ಕಡೆಯವರು ಕನ್ನಡದಲ್ಲೇ ಮಾತಾಡಿದರು. ಮೊದಲು ಪರೀಕ್ಷೆಯ ಬಗ್ಗೆ ಕೇಳಲೇ ಇಲ್ಲ. ಎಷ್ಟು ಹೊತ್ತಿಗೆ ಮಲಗುತ್ತೀಯ, ಬೆಳಿಗ್ಗೆ ಏನು ತಿನ್ನುತ್ತೀಯ, ಇದನ್ನು ಮನೆಯಲ್ಲಿ ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದರು. ಅವ್ವ ಪಕ್ಕದಲ್ಲೇ ಕೂತಿದ್ದಾಳೆ ಅಂದೆ.

ಹಾಗೆ ಫೋನ್ ಮಾಡಲು ಹೆದರಿಕೆ ಆಗುವವರು ಇದ್ದರೆ, ದಯವಿಟ್ಟು ಮಾಡಿ. ನನಗೂ ಹೆದರಿಕೆ ಆಗಿತ್ತು.

ನವೆಂಬರ್ ಕೊನೆ

ಲೆಕ್ಕ ಹೊಸದಾಗಿ ಹಾಕಿದೆ. ಒಂದು ಕಾರ್ಡು ಐದು ಮನೆ ದಾಟಬೇಕಾದರೆ ಕಡಿಮೆ ಅಂದರೂ ಐದು ಸಲ ಕೈಗೆ ಬರಬೇಕು. ದಿನಕ್ಕೆ ಮೂವತ್ತು ಹೊಸದು ಹಾಕಿದರೆ ಒಂದು ತಿಂಗಳ ಮೇಲೆ ದಿನಾ ನೂರೈವತ್ತು ನೋಡಬೇಕು, ತಪ್ಪಿದವು ಬೇರೆ. ಎಂಟು ಹಾಕಿದರೆ ನಲವತ್ತು, ತಪ್ಪು ಸೇರಿ ಐವತ್ತು. ಒಂದಕ್ಕೆ ಹದಿನೈದು ಇಪ್ಪತ್ತು ಸೆಕೆಂಡು ಅಂದರೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಈ ಲೆಕ್ಕವನ್ನು ಮೊದಲ ದಿನವೇ ಹಾಕಬೇಕಿತ್ತು. ಯಾರಾದರೂ ಡಬ್ಬಿ ಮಾಡುವವರಿದ್ದರೆ ಕಾರ್ಡು ಬರೆಯುವ ಮೊದಲು ಇದನ್ನು ಮಾಡಿ.

ಈಗಿನ ನಿಯಮ: ದಿನಕ್ಕೆ ಎಂಟು, ಭಾನುವಾರ ಹೊಸದು ಇಲ್ಲ, ಒಂದು ಕಾರ್ಡಿಗೆ ಒಂದೇ ಉತ್ತರ. ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು, ಇದು ಅವ್ವನ ನಿಯಮ. ನನ್ನ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ನನಗೆ ಸಿಗುತ್ತಿರುವುದು ಏಳು. ಟ್ಯೂಷನ್ ಗಣಿತಕ್ಕೆ ಮಾತ್ರ ಇಟ್ಟುಕೊಂಡೆ, ವಾರಕ್ಕೆ ಮೂರು ದಿನ. ಅಪ್ಪ ಒಂದು ದಿನ ಪೂರ್ತಿ ಸುಮ್ನೆ ಇದ್ದ, ಆಮೇಲೆ "ಆತು" ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಋಣಿ.

ಡಿಸೆಂಬರ್ ಎರಡನೇ ವಾರ

ಅಣ್ಣ ಫೋನಿನಲ್ಲಿ ಹೇಳಿದ್ದನ್ನು ಪರೀಕ್ಷೆ ಮಾಡಿ ನೋಡಿದೆ. 1885ರಲ್ಲಿ ಎಬಿಂಗ್‌ಹಾಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ತಾನೇ ಎಷ್ಟು ಮರೆಯುತ್ತೇನೆ ಅಂತ ಅಳೆದಿದ್ದ. ಒಂದು ದಿನ ಕಳೆದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹೋಗಿತ್ತು. ದಿನಾ ಮರೆಯುವುದು ನನ್ನೊಬ್ಬಳ ದಡ್ಡತನ ಅಂದುಕೊಂಡಿದ್ದೆ. 2006ರಲ್ಲಿ ರೋಡಿಗರ್, ಕಾರ್ಪಿಕಿ ಎಂಬ ಇಬ್ಬರು ಅಮೆರಿಕದಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಚೆನ್ನಾಗಿದೆ. ಐದು ನಿಮಿಷದ ಮೇಲೆ ಕೇಳಿದರೆ, ಓದಿದ್ದನ್ನೇ ಮತ್ತೆ ಓದಿದವರು ಮುಂದೆ. ಒಂದು ವಾರದ ಮೇಲೆ ಕೇಳಿದರೆ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಮುಂದೆ.

ನಾನು ಸಮಾಜ ವಿಜ್ಞಾನದ ಎರಡು ಪಾಠ ತೆಗೆದುಕೊಂಡೆ. ಒಂದನ್ನು ನಾಲ್ಕು ಸಲ ಓದಿದೆ. ಇನ್ನೊಂದನ್ನು ಒಂದು ಸಲ ಓದಿ ಮೂರು ಸಲ ಕೇಳಿಕೊಂಡೆ. ವಾರದ ಮೇಲೆ ತಮ್ಮ ಹನ್ನೆರಡು ಹನ್ನೆರಡು ಪ್ರಶ್ನೆ ಕೇಳಿದ. ಮೊದಲನೆಯದರಲ್ಲಿ ಐದು ಸರಿ, ಎರಡನೆಯದರಲ್ಲಿ ಒಂಬತ್ತು. ಎರಡೇ ಪಾಠ, ನಾನೊಬ್ಬಳೇ, ನಿಜ. ಆದರೂ ಹಳದಿ ಗೆರೆ ಎಳೆಯುವ ಪೆನ್ನನ್ನು ತಮ್ಮನಿಗೆ ಕೊಟ್ಟುಬಿಟ್ಟೆ.

ಡಿಸೆಂಬರ್ ಕೊನೆಯ ಭಾನುವಾರ

ಕಾರ್ಡು ಖಾಲಿ. ಧನುರ್ಮಾಸದಲ್ಲಿ ಮದುವೆ ಇಲ್ಲ, ಹಾಗಾಗಿ ಪ್ರೆಸ್‌ನಲ್ಲಿ ಲಗ್ನಪತ್ರಿಕೆಯ ಕೆಲಸವೂ ಕಡಿಮೆ. ಈಗ ಬರೀ ಕ್ಯಾಲೆಂಡರ್, ಜಾತ್ರೆಯ ಪೋಸ್ಟರ್. ಅವು ತೆಳು ಕಾಗದ, ನಿಲ್ಲುವುದಿಲ್ಲ. ಮೊದಲು ಗಾಬರಿಯಾಯಿತು. ಆಮೇಲೆ ಹೊಸದು ಇಲ್ಲದೆ ಹಳೆಯದನ್ನೇ ನೋಡುತ್ತಾ ಹೋದೆ. ಹತ್ತು ದಿನದಲ್ಲಿ ಒಂದನೇ ಮನೆಯಲ್ಲಿ ಹನ್ನೊಂದು ಉಳಿದವು. ಡಬ್ಬಿಯ ಆ ತುದಿಯಲ್ಲಿ ತಳ ಕಾಣಿಸಿತು. ಅಕ್ಟೋಬರ್‌ನಿಂದ ಇದೇ ಮೊದಲು.

ಇವತ್ತು ತಮ್ಮನ ಜೊತೆ ಕೋಟೆ ಹತ್ತಿದೆ. ಜೇಬಿನಲ್ಲಿ ಒಂದೇ ಕಾರ್ಡು ಇತ್ತು, ನಾಲ್ಕು ಸಲ ತಪ್ಪಿದ್ದು: "ಕೊಪ್ಪಳದಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದವರು ಯಾರು, ಯಾವಾಗ?" ವೀರಪ್ಪ, 1819. ಕಿತ್ತೂರಿನ 1824ರ ಜೊತೆ ಯಾವಾಗಲೂ ಅದಲು ಬದಲಾಗುತ್ತಿತ್ತು. ಬಂಡೆಗೆ ಬಂಡೆ ಕೂರಿಸಿದ ಗೋಡೆಗೆ ಒರಗಿ ನಿಂತು ನೋಡಿದೆ. ಕೆಳಗೆ ಊರು ಪೂರ್ತಿ ಕಾಣುತ್ತದೆ. ವೀರಪ್ಪ ಹಿಡಿದದ್ದು ಈ ಕೋಟೆಯನ್ನು, ಮತ್ತೆ ಹತ್ತಿರದ ಬಹದ್ದೂರಬಂಡಿಯದನ್ನು. ಕಿತ್ತೂರಿನ ಯುದ್ಧಕ್ಕಿಂತ ಐದು ವರ್ಷ ಮೊದಲು ಅಂತ ತಮ್ಮನಿಗೆ ಹೇಳಿದೆ. ಇನ್ನು ಇದು ಅದಲು ಬದಲಾಗುವುದಿಲ್ಲ.

ಜನವರಿ, ಜಾತ್ರೆ

ಗವಿಮಠದ ಜಾತ್ರೆ. ಮೂರು ದಿನ ಡಬ್ಬಿ ಮುಟ್ಟಲಿಲ್ಲ. ಅವ್ವ ಓಣಿಯವರ ಜೊತೆ ಕೂತು ದಾಸೋಹಕ್ಕೆ ಜೋಳದ ರೊಟ್ಟಿ ಮಾಡಿಕೊಟ್ಟಳು, ನಾನೂ ತಟ್ಟಿದೆ. ತೇರು ಎಳೆಯುವಾಗ ಉತ್ತತ್ತಿ ಎಸೆದೆ. ಮೂರು ದಿನ ಬಿಟ್ಟು ಬಂದರೂ ಐವತ್ತರಲ್ಲಿ ತಪ್ಪಿದ್ದು ಒಂಬತ್ತೇ.

ಸಂಕ್ರಾಂತಿ ದಾಟಿತು, ಮದುವೆ ಕೆಲಸ ಬಂತು, ಕಾರ್ಡೂ ಬಂದವು. ದಿನಕ್ಕೆ ಎಂಟು, ಅಷ್ಟೇ.

ಫೆಬ್ರವರಿ ಕೊನೆಯ ಶನಿವಾರ

ಪೂರ್ವಸಿದ್ಧತಾ ಪರೀಕ್ಷೆ ಮುಗಿಯಿತು. ಎರಡನೇ ದಿನ ಮತ್ತೆ ಕೈ ತಣ್ಣಗಾಯಿತು. ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಬಿಟ್ಟೆ. ಗೊತ್ತಿರುವ ಪ್ರಶ್ನೆಯಿಂದ ಶುರು ಮಾಡಿದೆ. ಹೆದರಿಕೆ ಪೂರ್ತಿ ಹೋಗಿಲ್ಲ. ಬಂದರೂ ಹತ್ತು ನಿಮಿಷದಲ್ಲಿ ಇಳಿಯುತ್ತದೆ.

ಒಟ್ಟು 583 ಕಾರ್ಡು. ಅದರಲ್ಲಿ 287 ಐದೂ ಮನೆ ದಾಟಿ ಹೊರಗೆ ಬಂದಿವೆ, ಅವನ್ನು ಬೇರೆ ಚೀಲದಲ್ಲಿ ಇಟ್ಟಿದ್ದೇನೆ. ಒಂದನೇ ಮನೆಯಲ್ಲಿ 19. ಇನ್ನು ಹೊಸದು ಹಾಕುವುದಿಲ್ಲ.

ಈಗ ಸಂಜೆಯ ಕಾರ್ಡು ಕೇಳುವವಳು ಅವ್ವ. ಅವಳು ಏಳನೇ ಕ್ಲಾಸಿನವರೆಗೆ ಓದಿದ್ದಾಳೆ. ಕಾರ್ಡಿಗೆ ಹಿಟ್ಟು ಹತ್ತಬಾರದು ಅಂತ ಒಂದು ಕೈ ಸೆರಗಿಗೆ ಒರೆಸಿಕೊಂಡು, ಕಾರ್ಡನ್ನು ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿ ಓದುತ್ತಾಳೆ. ನಾನು ಉತ್ತರ ಹೇಳುವವರೆಗೆ ರೊಟ್ಟಿ ತಟ್ಟುವುದನ್ನು ನಿಲ್ಲಿಸುತ್ತಾಳೆ. ಇವತ್ತು ಕೇಳಿದಳು: "ಅಡಿಗಿ ಸೋಡಾದ ರಾಸಾಯನಿಕ ಹೆಸರು ಏನು?" ಈ ಕಾರ್ಡು ಏಳು ಸಲ ವಾಪಸ್ ಬಂದಿದೆ. ವಾಷಿಂಗ್ ಸೋಡಾದ ಜೊತೆ ಗೊಂದಲ. "ಸೋಡಿಯಂ..." ಅಂದು ನಿಂತೆ.

ಅವ್ವ ಕಾರ್ಡು ತಿರುಗಿಸಿ ನೋಡಲೇ ಇಲ್ಲ. "ಹೈಡ್ರೋಜನ್ ಕಾರ್ಬೋನೇಟ್" ಅಂದಳು. ಆಮೇಲೆ ಬಾಯಿಗೆ ಕೈ ಹಿಡಿದಳು. "ನಾ ಹೇಳಬಾರದಿತ್ತಲ್ಲ?"

ಕಾರ್ಡನ್ನು ಒಂದನೇ ಮನೆಗೇ ಹಾಕಿದೆ. ನಾಳೆ ಮತ್ತೆ ಅವಳೇ ಕೇಳುತ್ತಾಳೆ.