ಐವತ್ತು ದಾಟಿದ ಮೇಲೆ ವೀಣೆ ಕಲಿತರೆ ಕಲಿತದ್ದು ನಿಲ್ಲುತ್ತಾ?

"ಮೇಡಂ, ಮನೇಲಿ ಚೆನ್ನಾಗೇ ಬರ್ತಿತ್ತು. ಇಲ್ಲಿ ಕೂತ ಕೂಡಲೇ ಮರೆತೇ ಹೋಗುತ್ತೆ. ವಯಸ್ಸಾಯ್ತು ಅಂತಾನಾ?"

ನನ್ನ ಹತ್ತಿರ ವೀಣೆ ಕಲಿಯುವವರಲ್ಲಿ ಐವತ್ತು ದಾಟಿದವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಕೆಲಸದಿಂದ ನಿವೃತ್ತರಾದವರು, ಮಕ್ಕಳ ಮದುವೆ ಮುಗಿಸಿ ಈಗ ಸ್ವಲ್ಪ ಬಿಡುವಾದವರು, ಚಿಕ್ಕಂದಿನಲ್ಲಿ ಆಸೆಯಿದ್ದೂ ಕಲಿಯಲು ಆಗದೇ ಹೋದವರು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಲ್ಲುತ್ತದೆ. ಬೆರಳಿಗೆ ವೇಗ ಬರುವುದು ಮಕ್ಕಳಿಗಿಂತ ನಿಧಾನ, ಅದು ನಿಜ. ಆದರೆ ಮನೆಯಲ್ಲಿ ಬಂದದ್ದು ಕ್ಲಾಸಿನಲ್ಲಿ ಬರದೇ ಇರುವುದಕ್ಕೆ ಹೆಚ್ಚಿನ ಸಲ ಕಾರಣ ವಯಸ್ಸಲ್ಲ, ಅಭ್ಯಾಸ ಮಾಡುವ ರೀತಿ.

ಮನೆಯಲ್ಲಿ ಏನಾಗುತ್ತದೆ ನೋಡಿ. ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಹತ್ತನೇ ಸಲಕ್ಕೆ ಸಲೀಸಾಗುತ್ತದೆ, ಖುಷಿಯಾಗುತ್ತದೆ, ಅಲ್ಲಿಗೆ ಎದ್ದುಬಿಡುತ್ತಾರೆ. ಆದರೆ ಆ ಹತ್ತನೇ ಸಲದಲ್ಲಿ ನೆನಪಿಗೆ ಕೆಲಸವೇ ಇರಲಿಲ್ಲ, ಅಲ್ವಾ? ಅರೆ ನಿಮಿಷದ ಹಿಂದೆ ನುಡಿಸಿದ್ದನ್ನೇ ಬೆರಳು ಮತ್ತೆ ನುಡಿಸಿತು, ಅಷ್ಟೇ. ಕ್ಲಾಸಿನಲ್ಲಿ ನಾನು ಕೇಳುವುದು ಮೊದಲನೇ ಸಲವನ್ನು. ಅದನ್ನು ಮನೆಯಲ್ಲಿ ದಿನಕ್ಕೆ ಒಂದೇ ಸಲ ಅಭ್ಯಾಸ ಮಾಡಿರುತ್ತಾರೆ.

1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೈ ಬೀಸುವ ಮೂರು ಕ್ರಮಗಳು. ಒಂದು ಗುಂಪು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಯಿತು, ಇನ್ನೊಂದು ಗುಂಪು ಮೂರನ್ನೂ ಕಲಸಿಕೊಂಡು ಕಲಿಯಿತು. ಕಲಿಯುವಾಗ ಮೊದಲ ಗುಂಪೇ ಮುಂದೆ. ಹತ್ತು ದಿನ ಬಿಟ್ಟು ನೋಡಿದರೆ ಕಲಸಿ ಕಲಿತವರ ಕೈಯೇ ಮೇಲು.

ಹಾಗಾಗಿ ನಾನು ಹೇಳುವುದು ಇಷ್ಟು. ಒಂದು ಜಂಟಿ ವರಸೆ (ಸ್ವರಗಳು ಜೋಡಿಯಾಗಿ ಬರುವ ಪಾಠ) ನಾಲ್ಕು ಸಲ ನುಡಿಸಿ, ಅದನ್ನು ಬಿಟ್ಟು ಒಂದು ಅಲಂಕಾರಕ್ಕೆ (ಬೇರೆ ಬೇರೆ ತಾಳಗಳ ಸ್ವರಪಾಠ) ಹೋಗಿ, ಆಮೇಲೆ ಗೀತೆ, ಅಂದರೆ ಒಂದು ಸಣ್ಣ ಹಾಡು, ಮತ್ತೆ ಅದೇ ಜಂಟಿಗೆ ಬನ್ನಿ. ವಾಪಸ್ ಬಂದಾಗ ತಡವರಿಸುತ್ತದೆ. ತಡವರಿಸಲಿ! ಪುಸ್ತಕ ನೋಡಬೇಡಿ, ಒಂದು ನಿಮಿಷ ಕಾಯಿರಿ, ತಾನಾಗಿ ಬರುತ್ತಾ ನೋಡಿ. ಆ ಒಂದು ನಿಮಿಷದಲ್ಲಿ ಹುಡುಕಿ ತೆಗೆದದ್ದು ಜಾಸ್ತಿ ದಿನ ಉಳಿಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಹೆಚ್ಚಿನವರು ಕಲಿಯುವ ಮೊದಲ ಗೀತೆ ಮಲಹರಿ ರಾಗದ "ಶ್ರೀ ಗಣನಾಥ". ಅದರಲ್ಲಿ "ರಿ ಮ ಪ ದ ಮ ಪ" ಅಂತ ಬರುತ್ತದೆ. ಮಲಹರಿಯ ಆರೋಹಣದಲ್ಲಿ, ಅಂದರೆ ಸ್ವರ ಏರುವಾಗ, ಗಾಂಧಾರ (ಗ) ಇಲ್ಲ, ಇಳಿಯುವಾಗ ಮಾತ್ರ ಇದೆ. ಆದರೆ ತಿಂಗಳುಗಟ್ಟಲೆ ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ "ಸ ರಿ ಗ ಮ" ನುಡಿಸಿದ ಬೆರಳು ರಿ ಆದ ಮೇಲೆ ನೇರ ಗಾಂಧಾರಕ್ಕೇ ಹೋಗುತ್ತದೆ. ವೀಣೆಯಲ್ಲಿ ಆ ಗ ಮತ್ತು ಮ ಪಕ್ಕಪಕ್ಕದ ಮೆಟ್ಟಿಲುಗಳು ಬೇರೆ. ಆಗ ಎಲ್ಲರೂ ಏನು ಮಾಡುತ್ತಾರೆ? ಗೀತೆಯನ್ನು ಮೊದಲಿಂದ ಶುರು ಮಾಡುತ್ತಾರೆ. ತಪ್ಪಿದ್ದು ಮೂರನೇ ತುಣುಕಿನಲ್ಲಿ, ಗಟ್ಟಿಯಾಗುವುದು ಮೊದಲನೇ ತುಣುಕು. ಹೀಗೆ ಆಗಿ ಆಗಿ ಪ್ರತಿ ಗೀತೆಯ ಶುರು ಕಲ್ಲಿನಂತೆ ಗಟ್ಟಿ, ಕೊನೆ ಮಾತ್ರ ಯಾವಾಗಲೂ ಸಡಿಲ. ಅದಕ್ಕೇ ರಿ-ಮ ಎರಡನ್ನೇ ಹಿಡಿದು, ನಿಧಾನವಾಗಿ, ಅಲ್ಲಿಂದಲೇ ಶುರು ಮಾಡಲು ಬರಬೇಕು. ಕೊನೆಯ ಸಾಲಿನಿಂದ ಕಲಿಯುತ್ತಾ ಹಿಂದಕ್ಕೆ ಬನ್ನಿ ಅಂತಲೂ ಹೇಳುತ್ತೇನೆ. ಹೊಸದನ್ನು ಮುಗಿಸಿ ಗೊತ್ತಿರುವುದರ ಕಡೆಗೆ ಹೋಗುತ್ತಿರುತ್ತೀರಿ, ಭಯ ಇರುವುದಿಲ್ಲ.

ಇನ್ನೊಂದು, ಬಾಯಲ್ಲಿ ಬರದೇ ಇರುವುದು ಕೈಯಲ್ಲಿ ನಿಲ್ಲುವುದಿಲ್ಲ. ತಾಳ ಹಾಕಿ ಸ್ವರ ಹಾಡಿ. ಅಡುಗೆ ಮಾಡುವಾಗ, ವಾಕಿಂಗ್ ಹೋಗುವಾಗ, ಎಲ್ಲಿ ಬೇಕಾದರೂ ಆಗುತ್ತದೆ. ದೊಡ್ಡವರಿಗೆ ಇದು ಮಕ್ಕಳಿಗಿಂತ ಚೆನ್ನಾಗಿ ಕೈಗೂಡುತ್ತದೆ, ಎಷ್ಟೋ ವರ್ಷ ಸಂಗೀತ ಕಚೇರಿ ಕೇಳಿದ ಕಿವಿ ಅದು.

ಈ ವಯಸ್ಸಿನವರಿಗೆ ಇನ್ನೊಂದು ಚಿಂತೆ, ಮಗಳ ಬಾಣಂತನಕ್ಕೆ ಅಮೆರಿಕಾಗೆ ಹೋದರೆ ಆರು ತಿಂಗಳು ವೀಣೆ ಇಲ್ಲ. ವಾಪಸ್ ಬಂದವರು ಹೆಚ್ಚುಕಮ್ಮಿ ಅಳುವ ದನಿಯಲ್ಲೇ "ಎಲ್ಲಾ ಹೋಯ್ತು ಮೇಡಂ" ಅನ್ನುತ್ತಾರೆ. ಹೋಗಿರುವುದಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ನೆನಪನ್ನೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಬರೆದಿದ್ದ, ಮರೆತೆವು ಅಂದುಕೊಂಡದ್ದನ್ನು ಎರಡನೇ ಸಲ ಕಲಿಯಲು ಕಡಿಮೆ ಹೊತ್ತು ಸಾಕು ಅಂತ. ನಾನೂ ಅದನ್ನೇ ನೋಡುತ್ತಿದ್ದೇನೆ. ತಿಂಗಳುಗಟ್ಟಲೆ ಕಲಿತದ್ದು ಕೆಲವು ವಾರಗಳಲ್ಲೇ ಮೇಲೆ ಬರುತ್ತದೆ. ನಿಜವಾಗಿ ಹೋಗಿರುವುದು ಎಡಗೈ ಬೆರಳ ತುದಿಯ ಗಟ್ಟಿ ಚರ್ಮ. ಅದು ಮೆತ್ತಗಾಗಿರುತ್ತದೆ, ತಂತಿ ಕುಯ್ಯುತ್ತದೆ. ಹಾಗಾಗಿ ಬಂದ ಹೊಸದರಲ್ಲಿ ಗಂಟೆಗಟ್ಟಲೆ ಕೂರಬೇಡಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಮೊಟ್ಟಮೊದಲ ಸ್ವರಪಾಠವಾದ ಸರಳೆ ವರಸೆಯಿಂದ.