ಹೊಲ ಅಲ್ಲೇ ಇತ್ತು, ರಾಜ್ಯ ಬದಲಾಯಿತು

ಹೋದ ತಿಂಗಳು ಸುರಪುರದ ಹತ್ತಿರ ನಮ್ಮ ಹೊಲ ಅಳೆಸಿದೆವು. ಆಗ ಹಳೆ ಟ್ರಂಕಿನಿಂದ ಅಜ್ಜನ ಕಾಲದ ಕಾಗದ ಹೊರಗೆ ಬಂತು, ಎಲ್ಲಾ ಉರ್ದುವಿನಲ್ಲಿ. ರಿಟೈರ್ ಆದ ಉರ್ದು ಮೇಷ್ಟ್ರೊಬ್ಬರಿಂದ ಓದಿಸಿದೆ. ಸರ್ವೆ ನಂಬರು ಇವತ್ತಿನ ಪಹಣಿಯಲ್ಲಿ ಇರೋದೇ!

ಅಜ್ಜ ಈ ಹೊಲ ಬಿಟ್ಟು ಎಲ್ಲೂ ಹೋದವರಲ್ಲ. ನಿಜಾಮನ ಪ್ರಜೆಯಾಗಿ ಹುಟ್ಟಿದರು, 1948ರ ಸೆಪ್ಟೆಂಬರ್ 17ರ ನಂತರ ಭಾರತದವರಾದರು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದರು, 1973ರಲ್ಲಿ ಅದೇ ರಾಜ್ಯ ಕರ್ನಾಟಕವಾಯಿತು. ಬದು ಮಾತ್ರ ಇದ್ದಲ್ಲೇ ಇತ್ತು.

ಇನ್ನೂ ಹಿಂದಕ್ಕೆ ಹೋದರೆ ನನಗೆ ಹೊಟ್ಟೆ ಉರಿಯುತ್ತದೆ. 1858ರಲ್ಲಿ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು, ಸೋತರು. 1860ರಲ್ಲಿ ಬ್ರಿಟಿಷರು ಸುರಪುರವನ್ನೇ ಎತ್ತಿ ನಿಜಾಮನಿಗೆ ಕೊಟ್ಟುಬಿಟ್ಟರು, 1857ರಲ್ಲಿ ತಮ್ಮ ಪರ ನಿಂತದ್ದಕ್ಕೆ ಇನಾಮು ಅಂತ. ಊರು, ಕೆರೆ, ಜನ ಎಲ್ಲಾ ಸೇರಿಸಿ. ಅದೇ ನಿಜಾಮರ ಮನೆತನದಿಂದ 1902ರಲ್ಲಿ, ಈಗ ಮಹಾರಾಷ್ಟ್ರದಲ್ಲಿರುವ ಬೇರಾರ್ ಪ್ರಾಂತ್ಯವನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಾಯಂ ಗುತ್ತಿಗೆಗೆ ಹಿಡಿದರು. ರಷ್ಯಾ 1867ರಲ್ಲಿ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತ್ತು. ಸಂತೆಯಲ್ಲಿ ಎತ್ತು ಮಾರಿದ ಹಾಗೆ, ಅಲ್ವಾ?

ದೇಶಕ್ಕೆ ನೆಲದ ಮೇಲಿರುವುದು ಆಳುವ ಹಕ್ಕು, ಅದು ಹೊಲದ ಪಟ್ಟಾ ಅಲ್ಲ. ಆಳುವವರು ಬದಲಾದ ಮಾತ್ರಕ್ಕೆ ರೈತನ ಹೊಲ ಹೋಗುವುದಿಲ್ಲ ಅನ್ನೋದನ್ನು ಅಂತರರಾಷ್ಟ್ರೀಯ ಕಾನೂನೂ ಒಪ್ಪುತ್ತದೆ. ಬಲದಿಂದ ಬೇರೆ ದೇಶದ ನೆಲ ಕಿತ್ತುಕೊಳ್ಳಬಾರದು ಅಂತ ವಿಶ್ವಸಂಸ್ಥೆಯ ಸನ್ನದು 1945ರಿಂದಲೇ ಹೇಳುತ್ತಿದೆ. ಹೇಳಿದ್ದನ್ನು ಎಲ್ಲರೂ ಕೇಳುತ್ತಿಲ್ಲ, ಅದು ಬೇರೆ ನೋವು.

ಸರಿಯಾಗಿ ನಡೆದದ್ದೂ ಒಂದಿದೆ. 2015ರ ಜುಲೈ 31ರ ಮಧ್ಯರಾತ್ರಿ ಭಾರತ ಮತ್ತು ಬಾಂಗ್ಲಾದೇಶ ಒಬ್ಬರ ಗಡಿಯೊಳಗೆ ಸಿಕ್ಕಿಕೊಂಡಿದ್ದ ಇನ್ನೊಬ್ಬರ ತುಂಡು ನೆಲಗಳನ್ನು ಅದಲುಬದಲು ಮಾಡಿಕೊಂಡವು. ನಮ್ಮವು 111, ಅವರವು 51. ಅದಕ್ಕೂ ಮುಂಚೆ ಮನೆಮನೆಗೆ ಹೋಗಿ ಯಾವ ದೇಶ ಬೇಕು ಅಂತ ಕೇಳಿದರು. ಆ 111 ತುಂಡುಗಳಲ್ಲಿದ್ದ ಸುಮಾರು 37 ಸಾವಿರ ಜನರಲ್ಲಿ ಭಾರತಕ್ಕೆ ಬರುತ್ತೇವೆ ಅಂದವರು ಸಾವಿರವೂ ಇಲ್ಲ. ಉಳಿದವರಿಗೆ ತಮ್ಮ ಹೊಲ, ಮನೆ ಬಿಟ್ಟು ಬರುವ ಮನಸ್ಸಿರಲಿಲ್ಲ ಅಂತ ನನಗನಿಸುತ್ತದೆ. 1860ರಲ್ಲಿ ಸುರಪುರದವರನ್ನು ಯಾರೂ ಹೀಗೆ ಕೇಳಲಿಲ್ಲ.

ಅಜ್ಜನ ಕಾಗದ ಮಡಿಕೆಯಲ್ಲಿ ಹರಿಯುತ್ತಿದೆ. ಪೂರ್ತಿ ಕನ್ನಡದಲ್ಲಿ ಬರೆದುಕೊಡುತ್ತೇನೆ ಅಂದಿದ್ದಾರೆ ಮೇಷ್ಟ್ರು.